ತೆರೆದ ಕಿಟಕಿಯ ಲೆಕ್ಕ

ಉಮರ್ಗಾದಲ್ಲೋ ನಿಲಂಗಾದಲ್ಲೋ ಉದಗೀರಿನಲ್ಲೋ ಕಾಲೇಜು ಹುಡುಗರು ರಾಕ್ ಬ್ಯಾಂಡ್ ಕಟ್ಟಿ ರೆಕಾರ್ಡ್ ಮಾಡಲು ಕೂತರೆ, ಮನೆಯವರ ಬೈಗುಳಕ್ಕಿಂತ ಮೊದಲು ಎದುರಾಗುವುದು ಸಿಮೆಂಟಿನ ಗೋಡೆ. ಮಹಾರಾಷ್ಟ್ರ-ಕರ್ನಾಟಕ ಗಡಿಯ ಆ ಕಡೆ ಈ ಕಡೆ ನಾವು ಕೇಳಿ ಬೆಳೆದ ಅಬ್ಬರದ ವಾದ್ಯಗಳೆಲ್ಲ ಬಯಲಿನವು. ಹಲಗಿ, ಮದುವೆಯ ಬ್ಯಾಂಡು, ಗಣಪತಿ ಮೆರವಣಿಗೆಯ ಬ್ಯಾಂಜೋ ಪಾರ್ಟಿ, ಯಾವುದೇ ಇರಲಿ, ಬಯಲಲ್ಲಿ ಹೊಡೆದ ಏಟು ಹೋದದ್ದು ಹೋಯಿತು, ತಿರುಗಿ ಬರುವುದಿಲ್ಲ. ಡ್ರಮ್ ಸೆಟ್ಟನ್ನು ಕೋಣೆಯೊಳಗೆ ತಂದು, ಒಂದು ಮೈಕ್ ಇಟ್ಟು, ರೆಕಾರ್ಡ್ ಗುಂಡಿ ಒತ್ತಿ ನೋಡಿ. ಸ್ನೇರ್ ಡ್ರಮ್ಮಿನ ಒಂದು ಏಟು ಅಡಗುವ ಮೊದಲೇ ಇನ್ನೊಂದು ಬಂದು ಅದರ ಬಾಲ ತುಳಿಯುತ್ತದೆ. ಮೈಕ್ ಅಗ್ಗದ್ದು ಅನ್ನುತ್ತಾರೆ ಕೇಳಿದವರು. ಮೈಕ್ ಪಾಪ, ಕೇಳಿಸಿದ್ದನ್ನೇ ಬರೆದುಕೊಂಡಿದೆ.

ಕೋಣೆಯೊಳಗೆ ದನಿ ಎಷ್ಟು ಹೊತ್ತು ಬದುಕುತ್ತದೆ ಎಂಬುದನ್ನು ಮೊದಲು ಲೆಕ್ಕಕ್ಕೆ ಹಿಡಿದವನಿಗೆ ಸಂಗೀತದ ಗೊಡವೆಯೇ ಇರಲಿಲ್ಲ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಫಾಗ್ ಆರ್ಟ್ ಮ್ಯೂಸಿಯಂ ಎಂಬ ಹೊಸ ಕಟ್ಟಡ ಕಟ್ಟಿಸಿತ್ತು. ನೋಡಲು ಚೆಂದ. ಆದರೆ ಅದರ ಉಪನ್ಯಾಸ ಕೋಣೆಯಲ್ಲಿ ಮೇಷ್ಟ್ರು ಏನು ಹೇಳಿದರೂ ಹುಡುಗರಿಗೆ ತಿಳಿಯುತ್ತಿರಲಿಲ್ಲ. ಆಡಿದ ಒಂದು ಮಾತು ಐದೂವರೆ ಸೆಕೆಂಡು ಅಲ್ಲೇ ಸುತ್ತುತ್ತಿತ್ತು. ಅಷ್ಟರಲ್ಲಿ ಹತ್ತಾರು ಮಾತು ಆಗಿ ಹೋಗಿರುತ್ತಿದ್ದವು. ಇದನ್ನು ಸರಿಮಾಡು ಎಂದು ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಭೌತಶಾಸ್ತ್ರ ವಿಭಾಗಕ್ಕೆ ಹೇಳಿದ. ಕೆಲಸ ಹೋಗಿ ಬಿದ್ದದ್ದು ವಾಲೇಸ್ ಸ್ಯಾಬಿನ್ ಎಂಬ 27 ವರ್ಷದ ಕಿರಿಯ ಮೇಷ್ಟ್ರ ಹೆಗಲಿಗೆ. ಅವನಿಗೆ ಡಾಕ್ಟರೇಟ್ ಕೂಡ ಇರಲಿಲ್ಲ.

ಸ್ಯಾಬಿನ್‌ನ ಸಲಕರಣೆಗಳ ಪಟ್ಟಿ ಕೇಳಿದರೆ ನಮ್ಮ ಹುಡುಗರಿಗೆ ಧೈರ್ಯ ಬರಬೇಕು. ಸೆಕೆಂಡಿಗೆ 512 ಕಂಪನದ ಒಂದು ಆರ್ಗನ್ ಕೊಳವೆ, ಕಾಲ ಅಳೆಯುವ ಒಂದು ಯಂತ್ರ, ಮತ್ತು ತನ್ನ ಎರಡು ಕಿವಿ. ಕೊಳವೆ ಊದಿಸಿ ನಿಲ್ಲಿಸುವುದು, ದನಿ ಪೂರಾ ಅಡಗುವ ತನಕ ಕಿವಿಗೊಟ್ಟು ಹೊತ್ತು ಗುರುತು ಹಾಕುವುದು. ಹಗಲು ಬೀದಿಯ ಗದ್ದಲ. ಹಾಗಾಗಿ ಕೆಲಸವೆಲ್ಲ ನಡುರಾತ್ರಿಯ ಮೇಲೆ. ಹತ್ತಿರದ ಸ್ಯಾಂಡರ್ಸ್ ಥಿಯೇಟರಿನಲ್ಲಿ ಮಾತು ಚೆನ್ನಾಗಿ ಕೇಳುತ್ತಿತ್ತು, ಅಲ್ಲಿನ ಆಸನಗಳ ಮೇಲೆ ಮೆತ್ತೆಗಳಿದ್ದವು. ಸ್ಯಾಬಿನ್ ಮತ್ತವನ ಸಹಾಯಕರು ರಾತ್ರಿ ಆ ಮೆತ್ತೆ ಹೊತ್ತು ತಂದು ಫಾಗ್ ಕೋಣೆಯಲ್ಲಿ ಒಂದೊಂದಾಗಿ ಹಾಸುತ್ತ ಹೋದರು. ಪ್ರತಿ ಸಲ ಕೊಳವೆ ಊದಿ ಅಳೆದರು. ಬೆಳಗಾಗುವಷ್ಟರಲ್ಲಿ ಮತ್ತೆ ಹೊತ್ತು ಕೊಂಡೊಯ್ದು ಇದ್ದಲ್ಲೇ ಇಟ್ಟರು. ಸಾಲು ಸಾಲು ಮೆತ್ತೆ ತುಂಬಿದಂತೆ ಐದೂವರೆ ಸೆಕೆಂಡು ಇಳಿಯುತ್ತ ಇಳಿಯುತ್ತ ಒಂದು ಸೆಕೆಂಡಿನ ಆಸುಪಾಸಿಗೆ ಬಂತು.

ನಡುವೆ ಒಂದು ವಿಚಿತ್ರ ಕಂಡಿತು: ಒಂದೇ ಕೋಣೆ, ಅಷ್ಟೇ ಮೆತ್ತೆ, ಆದರೂ ಅಳತೆ ಒಂದು ರಾತ್ರಿಯಿಂದ ಇನ್ನೊಂದು ರಾತ್ರಿಗೆ ತಾಳೆಯಾಗುವುದಿಲ್ಲ. ಕಾರಣ ಸ್ಯಾಬಿನ್‌ನ ಮೈಮೇಲಿನ ಬಟ್ಟೆ. ದಪ್ಪ ಕೋಟು ತೊಟ್ಟ ಮನುಷ್ಯನೂ ಕೋಣೆಯ ಪಾಲಿಗೆ ಒಂದು ಮೆತ್ತೆಯೇ. ಅಲ್ಲಿಯವರೆಗಿನ ಅಳತೆಗಳ ದೊಡ್ಡ ರಾಶಿಯನ್ನೇ ಎಸೆದು, ಅಲ್ಲಿಂದ ಮುಂದೆ ಅದೇ ಉಡುಪು ತೊಟ್ಟು ಶುರುವಿನಿಂದ ಅಳೆದ. ಈ ಮೊಂಡುತನ ನನಗೆ ಮುಂದೆ ಅವನು ಕಂಡುಕೊಂಡ ಸೂತ್ರಕ್ಕಿಂತ ಹೆಚ್ಚು ಇಷ್ಟ.

ಯಾವ ವಸ್ತು ಎಷ್ಟು ದನಿ ನುಂಗುತ್ತದೆ ಎನ್ನಲು ಒಂದು ಮಾನ ಬೇಕಲ್ಲ? ಮೆತ್ತೆಯನ್ನೇ ಮಾನವಾಗಿಟ್ಟರೆ ಆ ಮೆತ್ತೆ ಇಲ್ಲದ ಊರಿನವರು ಏನು ಮಾಡಬೇಕು? ಸ್ಯಾಬಿನ್ ಹಿಡಿದದ್ದು ತೆರೆದ ಕಿಟಕಿಯನ್ನು. ಕಿಟಕಿಯಿಂದ ಆಚೆ ಹೋದ ದನಿ ವಾಪಸಾಗುವುದಿಲ್ಲ; ಅಂದರೆ ಒಂದು ಚದರ ಮೀಟರ್ ತೆರೆದ ಕಿಟಕಿ ತನಗೆ ತಾಗಿದ ದನಿಯನ್ನೆಲ್ಲ ನುಂಗಿದಂತೆ. ಮಿಕ್ಕ ವಸ್ತುಗಳು ಎಷ್ಟು ಕಿಟಕಿಗೆ ಸಮ ಎಂದು ಹೇಳಿದರಾಯಿತು. ಗುಡಿಸಲಲ್ಲೂ ಗುಮ್ಮಟದಲ್ಲೂ ನಡೆಯುವ ಮಾನ ಅದು.

ಅಂಕಿಗಳು ಗುಡ್ಡೆ ಬಿದ್ದವು, ಸೂತ್ರ ಮಾತ್ರ ಕೈಗೆ ಸಿಗಲಿಲ್ಲ. 1898ರಲ್ಲಿ ಬಾಸ್ಟನ್ನಿನ ಹೊಸ ಸಂಗೀತ ಸಭಾಂಗಣಕ್ಕೆ ಸಲಹೆ ಕೊಡು ಎಂದು ಕರೆ ಬಂದಾಗಲೂ ಸ್ಯಾಬಿನ್ ಹಿಂಜರಿದ. ಆಮೇಲೆ ಹಳೆಯ ಟಿಪ್ಪಣಿ ಹರವಿಕೊಂಡು ಕೂತ. ಆ ವರ್ಷದ ಅಕ್ಟೋಬರ್ ಕೊನೆಯ ಒಂದು ರಾತ್ರಿ ಹೊಳೆಯಿತು: ನುಂಗುವ ಮೊತ್ತವನ್ನೂ ದನಿ ಉಳಿಯುವ ಹೊತ್ತನ್ನೂ ಗುಣಿಸಿದರೆ ಒಂದು ಕೋಣೆಗೆ ಯಾವಾಗಲೂ ಒಂದೇ ಸಂಖ್ಯೆ. ನುಂಗುವುದು ಎರಡು ಪಟ್ಟಾದರೆ ಹೊತ್ತು ಅರ್ಧ. ಆ ಸಂಖ್ಯೆ ಕೋಣೆಯ ಗಾತ್ರಕ್ಕೆ ತಕ್ಕಂತೆ ಬೆಳೆಯುತ್ತದೆ. ಇಂದು ಬಳಸುವ ರೂಪದಲ್ಲಿ ಹೇಳುವುದಾದರೆ, 0.161ನ್ನು ಘನ ಮೀಟರಿನ ಗಾತ್ರದಿಂದ ಗುಣಿಸಿ, ತೆರೆದ ಕಿಟಕಿಗಳ ಮೊತ್ತದಿಂದ ಭಾಗಿಸಿದರೆ ಅನುರಣನದ, ಅಂದರೆ ದನಿ ಉಳಿಯುವ ಹೊತ್ತಿನ, ಸೆಕೆಂಡು ಸಿಗುತ್ತದೆ. ಈ ಲೆಕ್ಕದ ಬಲದ ಮೇಲೆ ಎದ್ದ ಬಾಸ್ಟನ್ ಸಿಂಫನಿ ಹಾಲ್ 1900ರ ಅಕ್ಟೋಬರ್ 15ರಂದು ತೆರೆಯಿತು. ಜಗತ್ತಿನ ಅತ್ಯುತ್ತಮ ಸಂಗೀತ ಸಭಾಂಗಣಗಳ ಸಾಲಿನಲ್ಲಿ ಅದು ಇಂದಿಗೂ ಇದೆ.

ಈಗ ಉಮರ್ಗಾದ ಕೋಣೆಗೆ ಬನ್ನಿ. ಉದ್ದ 4 ಮೀಟರ್, ಅಗಲ 3, ಎತ್ತರ 3 ಎಂದಿಟ್ಟುಕೊಳ್ಳಿ. ಗಾತ್ರ 36 ಘನ ಮೀಟರ್. ನೆಲ, ಛಾವಣಿ, ಗೋಡೆ ಎಲ್ಲ ಸೇರಿ 66 ಚದರ ಮೀಟರ್. ಗಿಲಾವು ಮಾಡಿ ಬಣ್ಣ ಬಳಿದ ಸಿಮೆಂಟು ತಾಗಿದ ದನಿಯಲ್ಲಿ ನೂರಕ್ಕೆ ಎರಡು ಮೂರು ಪಾಲು ಮಾತ್ರ ನುಂಗುತ್ತದೆ. ಕೋಣೆಗೆ ಕೋಣೆಯೇ ಒಂದೂವರೆ ಚದರ ಮೀಟರ್ ತೆರೆದ ಕಿಟಕಿಗೆ ಸಮ! ಭಾಗಿಸಿ ನೋಡಿ, ಹೆಚ್ಚು ಕಡಿಮೆ 4 ಸೆಕೆಂಡು. ನಿಮಿಷಕ್ಕೆ 120 ತಾಳದ ಹಾಡಾದರೆ ಎಂಟು ಏಟುಗಳ ಬಾಲ ಒಂದರ ಮೇಲೊಂದು ಬಿದ್ದಿರುತ್ತವೆ. ಇದರಲ್ಲಿ ಮಿಕ್ಸಿಂಗ್ ಏನು ಮಾಡುವುದು? ಸೇರಿದ ಬಾಲವನ್ನು ಬಿಡಿಸಿ ಕೊಡುವ ಗುಂಡಿ ಯಾವ ಸಾಫ್ಟ್‌ವೇರಿನಲ್ಲೂ ಚೊಕ್ಕಟವಾಗಿ ಕೆಲಸ ಮಾಡುವುದಿಲ್ಲ.

ಈ ಸೀಮೆಯ ಹಳೆಯ ಮನೆಗಳು ಬೇರೆ ಥರ ಇದ್ದವು. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮರದ ಹಲಗೆ, ಅದರ ಮೇಲೆ ಮೊಣಕಾಲೆತ್ತರ ಮಣ್ಣು. ಮಾಳವದ ಎಂದು ಮರಾಠಿಯಲ್ಲಿ ಕರೆಯುವ ಛಾವಣಿ. ಒಳಗೆ ದನಿ ಬೇಗ ಅಡಗುತ್ತಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪದಲ್ಲಿ ಅದೇ ಗೋಡೆ, ಅದೇ ಛಾವಣಿ ಮಲಗಿದವರ ಮೇಲೆ ಕುಸಿದು ಸುಮಾರು ಹತ್ತು ಸಾವಿರ ಜನ ಸತ್ತರು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳೇ ಅಳಿದವು. ಆಮೇಲೆ ಬಂದ ಕಾಂಕ್ರೀಟಿನ ಮನೆಗಳನ್ನು ದನಿಯ ನೆಪದಲ್ಲಿ ಹಳಿಯುವಷ್ಟು ಕೃತಘ್ನತೆ ಬೇಡ. ಜೀವ ಉಳಿಸುವ ಮನೆಯಲ್ಲಿ ಡ್ರಮ್ ಬಾರಿಸಲು ದಾರಿ ಹುಡುಕಿಕೊಂಡರಾಯಿತು.

ದಾರಿ ಅಟ್ಟದ ಮೇಲೇ ಇದೆ. ಹಳೆಯ ಸೀರೆ, ಧೋತರ ಪದರ ಪದರ ಇಟ್ಟು ಹೊಲಿದ ಕೌದಿ ಈ ಕಡೆ ಇಲ್ಲದ ಮನೆ ಯಾವುದು? ಆರು ಕೌದಿಗಳನ್ನು ಗೋಡೆಗೆ ಒತ್ತದೆ ಗೇಣು ಬಿಟ್ಟು ನೇತು ಹಾಕಿ. ಒಂದೊಂದು 3 ಚದರ ಮೀಟರ್ ಹಿಡಿದರೂ ಒಟ್ಟು 18. ತಾಗಿದ ದನಿಯಲ್ಲಿ ಅರ್ಧ ನುಂಗಿದರೂ 9 ಕಿಟಕಿ. ವಾದ್ಯ ನುಡಿಸುವ ನಾಲ್ವರ ಮೈ ಬಟ್ಟೆ ಸೇರಿ ಇನ್ನೆರಡರ ಹತ್ತಿರ. ನಾಲ್ಕು ಸೆಕೆಂಡು ಅರ್ಧ ಸೆಕೆಂಡಿಗೆ ಇಳಿಯಿತು. ಸಣ್ಣ ಕೋಣೆಯಲ್ಲಿ ಸ್ಯಾಬಿನ್ ಸೂತ್ರ ಕರಾರುವಾಕ್ಕಾಗಿ ನಡೆಯುವುದಿಲ್ಲ ಎಂದು ಬಲ್ಲವರು ತಕರಾರು ತೆಗೆಯುತ್ತಾರೆ. ತಕರಾರು ಸರಿಯೇ; ಆದರೂ ಎಷ್ಟು ಕೌದಿ ಬೇಕು ಎಂದು ಅಂದಾಜಿಸಲು ಇಷ್ಟು ಸಾಕು.

ತಮಾಷೆಯೆಂದರೆ, ಸ್ಯಾಬಿನ್ ಮೂರು ವರ್ಷ ನಿದ್ದೆಗೆಟ್ಟು ಯಾವುದನ್ನು ಅಡಗಿಸಲು ಹೊರಟನೋ ಅದನ್ನೇ ರಾಕ್ ಸಂಗೀತ ಹುಡುಕಿಕೊಂಡು ಹೋಯಿತು. ಇಂಗ್ಲೆಂಡಿನ ಹ್ಯಾಂಪ್‌ಶೈರಿನಲ್ಲಿ ಹೆಡ್ಲಿ ಗ್ರೇಂಜ್ ಎಂಬ, ಹಿಂದೆ ಬಡವರ ವರ್ಕ್‌ಹೌಸ್ ಆಗಿದ್ದ ಹಳೆಯ ಕಟ್ಟಡವಿದೆ. ಲೆಡ್ ಜೆಪ್ಪೆಲಿನ್ ತಂಡ ತಮ್ಮ ನಾಲ್ಕನೆಯ ಆಲ್ಬಮ್ಮಿಗೆ ಅಲ್ಲಿ ಬೀಡುಬಿಟ್ಟಾಗ ಎಂಜಿನಿಯರ್ ಆ್ಯಂಡಿ ಜಾನ್ಸ್ ಡ್ರಮ್ಮನ್ನು ಮೆಟ್ಟಿಲ ಬುಡದ ಹಜಾರದಲ್ಲಿ ಇಡಿಸಿದ, ಬೇಯರ್‌ಡೈನಾಮಿಕ್ ಕಂಪನಿಯ ಎರಡು ಎಂ-160 ಮೈಕುಗಳನ್ನು ಮೇಲಂತಸ್ತಿನಿಂದ ಇಳಿಬಿಟ್ಟ. ಡ್ರಮ್ಮಿನ ಹತ್ತಿರ ಮೈಕೇ ಇಲ್ಲ. 1971ರಲ್ಲಿ ಬಂದ 'ವೆನ್ ದ ಲೆವೀ ಬ್ರೇಕ್ಸ್' ಹಾಡಿನಲ್ಲಿ ಜಾನ್ ಬಾನಮ್ ಬಾರಿಸುವ ಆ ಡ್ರಮ್ಮಿನ ಗಾತ್ರ ಮುಕ್ಕಾಲು ಪಾಲು ಮೆಟ್ಟಿಲ ಗೋಡೆಗಳದ್ದು.

ಎಂಟು ವರ್ಷದ ನಂತರ, 1979ರಲ್ಲಿ, ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋದಲ್ಲಿ ಇನ್ನೂ ಸೋಜಿಗದ್ದು ನಡೆಯಿತು. ಕಲ್ಲಿನ ಗೋಡೆಯ ಆ ಕೋಣೆಯ ಮೇಲೆ ಒಂದು ಮೈಕ್ ತೂಗುತ್ತಿತ್ತು. ರೆಕಾರ್ಡಿಗಲ್ಲ, ಒಳಗಿನ ಕಲಾವಿದರು ಆಡುವ ಮಾತು ಎಂಜಿನಿಯರಿಗೆ ಕೇಳಲಿ ಎಂದು. ಪಿಸುಮಾತೂ ಕೇಳಲೆಂದು ಅದಕ್ಕೆ ವಿಪರೀತ ಕಂಪ್ರೆಷನ್ ಕೊಟ್ಟಿದ್ದರು. ಪೀಟರ್ ಗೇಬ್ರಿಯಲ್‌ನ ಆಲ್ಬಮ್ಮಿಗಾಗಿ ಫಿಲ್ ಕಾಲಿನ್ಸ್ ಡ್ರಮ್ ಬಾರಿಸುತ್ತಿರುವಾಗ ಎಂಜಿನಿಯರ್ ಹ್ಯೂ ಪ್ಯಾಜಮ್ ಆ ಮೈಕನ್ನು ಹಚ್ಚಿದ, ದೈತ್ಯ ದನಿಯೊಂದು ಹೊರಬಿತ್ತು. ಅದಕ್ಕೆ, ದನಿ ಒಂದು ಮಟ್ಟಕ್ಕಿಂತ ಇಳಿದೊಡನೆ ಬಾಗಿಲು ಮುಚ್ಚುವ ನಾಯ್ಸ್ ಗೇಟ್ ಕಟ್ಟಿದರು. ಅನುರಣನ ಉಬ್ಬಿ ಬಂದು, ಬಾಲ ಬೆಳೆಯುವ ಮೊದಲೇ ಫಕ್ಕನೆ ಕಡಿದುಹೋಯಿತು. 1981ರ 'ಇನ್ ದಿ ಏರ್ ಟುನೈಟ್' ಹಾಡಿನ ಡ್ರಮ್ಮೂ ಇದೇ ಉಪಾಯದ ಕೂಸು. ಎಂಬತ್ತರ ದಶಕವಿಡೀ ಅದನ್ನು ಅನುಕರಿಸಿ ಅನುಕರಿಸಿ ಹಳಸಿಬಿಟ್ಟರು ಎಂಬುದು ನನ್ನ ಅಭಿಪ್ರಾಯ. ಮೊದಲ ಸಲದ್ದು ಮಾತ್ರ ಇಂದಿಗೂ ಬೆಚ್ಚಿಬೀಳಿಸುತ್ತದೆ.

ಗೋಡೆಯ ದನಿಗೆ ನಮ್ಮವರು ಇಂಗ್ಲೆಂಡಿಗೆ ಹೋಗಬೇಕಿಲ್ಲ. ಉದಗೀರಿನಲ್ಲೇ ಕೋಟೆಯಿದೆ, 1760ರಲ್ಲಿ ಮರಾಠರು ನಿಜಾಮನನ್ನು ಸೋಲಿಸಿದ ಯುದ್ಧಕ್ಕೆ ಹೆಸರು ಕೊಟ್ಟ ಊರು ಅದು. ನಳದುರ್ಗದ ಕೋಟೆಯಿದೆ, ಬೀದರಿನದಿದೆ. ಇನ್ನೂ ದೂರ ನಡೆದರೆ ವಿಜಯಪುರದ ಗೋಳಗುಮ್ಮಟ. 1921ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಗುಮ್ಮಟದ ಪಿಸುಮಾತಿನ ಬೆನ್ನು ಹತ್ತಿದ ಸಿ. ವಿ. ರಾಮನ್, ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಯನ್ನೂ ಅಭ್ಯಾಸಕ್ಕೆ ಎತ್ತಿಕೊಂಡವರು. ಈಗಂತೂ ಡ್ರಮ್ ಹೊತ್ತು ಹೋಗುವುದೂ ಬೇಡ. ಒಂದು ಜಾಗದಲ್ಲಿ ಬಲೂನು ಒಡೆದು ಅದರ ಮರುದನಿಯನ್ನು ರೆಕಾರ್ಡ್ ಮಾಡಿಕೊಂಡರೆ, ಕೌದಿ ಕಟ್ಟಿದ ಕೋಣೆಯಲ್ಲಿ ಹಿಡಿದ ಒಣ ಡ್ರಮ್ಮಿಗೆ ಆ ಜಾಗದ ಅನುರಣನವನ್ನು ಕಂಪ್ಯೂಟರಿನಲ್ಲಿ ಹಚ್ಚಬಹುದು. ಕನ್ವಲ್ಯೂಷನ್ ರಿವರ್ಬ್ ಮಾಡುವುದು ಇದನ್ನೇ. ಸಂರಕ್ಷಿತ ಸ್ಮಾರಕದಲ್ಲಿ ಬಲೂನು ಒಡೆದರೆ ಕಾವಲುಗಾರ ಓಡಿ ಬರುತ್ತಾನೆ, ಅನುಮತಿ ಕೇಳಿಯೇ ಹೋಗಿ. ಕೇಳಲು ಬೇಸರವಾದರೆ ಮೂರಂತಸ್ತಿನ ಯಾವುದಾದರೂ ಕಟ್ಟಡದ ಮೆಟ್ಟಿಲು ಸಾಕು, ಹೆಡ್ಲಿ ಗ್ರೇಂಜಿನಲ್ಲಿ ಇದ್ದದ್ದೂ ಅಷ್ಟೇ.

ಕೌದಿಗೆ ಬಗ್ಗದ್ದು ಬೇಸ್ ಗಿಟಾರು. ಅದರ ಅತಿ ಕೆಳಗಿನ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಆ ಅಲೆಯ ಉದ್ದ 8 ಮೀಟರಿಗೂ ಹೆಚ್ಚು. ಬೆರಳು ದಪ್ಪದ ಬಟ್ಟೆ ಅದಕ್ಕೆ ಅಡ್ಡ ಬಂದದ್ದೇ ತಿಳಿಯುವುದಿಲ್ಲ. ಮೇಲಾಗಿ 4 ಮೀಟರ್ ಉದ್ದದ ಕೋಣೆ ತಾನೇ 43 ಕಂಪನದ ಹತ್ತಿರ ಗುಂಯ್‌ಗುಡುತ್ತದೆ. ಗೋಡೆಯ ಬಳಿ ಮೈಕ್ ಇಟ್ಟರೆ ಅದೊಂದೇ ಸ್ವರ ಆನೆಯಾಗಿ ಕಾಣುತ್ತದೆ, ಕೋಣೆಯ ನಡುವೆ ಇಟ್ಟರೆ ಅದೇ ಸ್ವರ ಮಾಯ. ಮೂಲೆಗಳಲ್ಲಿ ಹತ್ತಿಯ ಗಾದಿ ಸುತ್ತಿ ನಿಲ್ಲಿಸಿದರೆ ಕೊಂಚ ತಗ್ಗೀತು. ಹೆಚ್ಚಿನ ಹುಡುಗರು ಆ ಗೋಜಿಗೆ ಹೋಗದೆ ಗಿಟಾರಿನ ಕೇಬಲ್ಲನ್ನು ನೇರ ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸಿಗೆ ಚುಚ್ಚಿ, ಕೋಣೆಯನ್ನು ಹೊರಗಿಟ್ಟು ಬೇಸ್ ಹಿಡಿದುಕೊಳ್ಳುತ್ತಾರೆ.