ಎಂಜಿನ್ನಿನ ಭಾರ ಹೊತ್ತ ರಬ್ಬರು

ಚನ್ನರಾಯಪಟ್ಟಣ ಬಿಟ್ಟು ಹಾಸನದ ಕಡೆ ಹೊರಟ ಕಾರು ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಟಾಪ್ ಗೇರಿನಲ್ಲೇ ಸಲೀಸಾಗಿ ಸಾಗುತ್ತದೆ. ಅದೇ ಕಾರು ಹೊಳೆನರಸೀಪುರ, ಅರಕಲಗೂಡಿನ ಒಳರಸ್ತೆ ಹಿಡಿದರೆ ಊರು ಬಂದಾಗಲೆಲ್ಲ ಹಂಪು, ಹಂಪು ಬಂದಾಗಲೆಲ್ಲ ಗೇರು ಇಳಿಸಿ ಕ್ಲಚ್ಚು ಬಿಡುವ ಕೆಲಸ. ಎಂಜಿನ್ನನ್ನು ಕಾರಿನ ಮೈಗೆ ಹಿಡಿದಿಡುವ ರಬ್ಬರಿನ ತುಂಡಿಗೆ, ಅಂದರೆ ಎಂಜಿನ್ ಮೌಂಟಿಂಗ್‌ಗೆ ಹೆಚ್ಚು ದಣಿವಾಗುವುದು ಈ ಎರಡನೆಯ ಬಗೆಯ ಓಡಾಟದಲ್ಲೇ. ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. 800 ಸಿಸಿಯ ಸಣ್ಣ ಕಾರಿನ ಎಂಜಿನ್ನು ಸುಮಾರು 60 ನ್ಯೂಟನ್-ಮೀಟರ್ ತಿರುಚುಬಲ ಕೊಡುತ್ತದೆ ಎಂದುಕೊಳ್ಳಿ. ಮೊದಲ ಗೇರಿನಲ್ಲಿ ಅದು ಚಕ್ರ ತಲುಪುವಷ್ಟರಲ್ಲಿ ಹದಿನೈದು ಪಟ್ಟು ಹಿಗ್ಗಿ 900 ಆಗಿರುತ್ತದೆ. ಚಕ್ರವನ್ನು ಮುಂದಕ್ಕೆ ತಿರುಗಿಸುವ ಬಲ ಎಷ್ಟೋ, ಎಂಜಿನ್ನು ಮತ್ತು ಗೇರ್‌ಬಾಕ್ಸನ್ನು ಹಿಂದಕ್ಕೆ ತಿರುಚುವ ಬಲವೂ ಅಷ್ಟೇ. ಅಡ್ಡಲಾಗಿ ಕೂರಿಸಿದ ಎಂಜಿನ್ನುಗಳಲ್ಲಿ ಅಷ್ಟನ್ನೂ ತಡೆಯಬೇಕಾದದ್ದು ಮೌಂಟಿಂಗ್‌ಗಳೇ. ಅರ್ಧ ಮೀಟರ್ ದೂರದಲ್ಲಿರುವ ರಬ್ಬರಿನ ಮೇಲೆ ಅದು 180 ಕಿಲೋ ಹೇರಿದ ಹಾಗೆ. ನಾಲ್ಕನೇ ಗೇರಿನಲ್ಲಿ ಇದು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ರಿವರ್ಸ್ ಹಾಕಿದರೆ ಇದೇ ಭಾರ ತಿರುಗುಮುರುಗಾಗುತ್ತದೆ.

ಇಷ್ಟು ಭಾರ ಹೊರುವ ಜಾಗಕ್ಕೆ ಕಬ್ಬಿಣ ಬಿಟ್ಟು ರಬ್ಬರನ್ನೇಕೆ ಇಟ್ಟರು? ಮೊದಮೊದಲ ಕಾರುಗಳಲ್ಲಿ ಎಂಜಿನ್ನನ್ನು ಚಾಸಿಗೆ ನೇರವಾಗಿ ಬೋಲ್ಟು ಹಾಕಿ ಬಿಗಿಯುತ್ತಿದ್ದರು, ನಡುಕವೆಲ್ಲ ಕೂತವರ ಮೈಗೆ ಬರುತ್ತಿತ್ತು. 1931ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ಪ್ಲಿಮತ್ ಕಾರಿನಲ್ಲಿ ಎಂಜಿನ್ನನ್ನು ಮುಂದೆ ಎತ್ತರದಲ್ಲಿ ಒಂದು, ಹಿಂದೆ ತಗ್ಗಿನಲ್ಲಿ ಒಂದು ರಬ್ಬರಿನ ಮೇಲೆ ಕೂರಿಸಿ, ಅದು ತನ್ನ ಭಾರಕೇಂದ್ರದ ಸುತ್ತ ತಾನೇ ತೂಗಾಡುವಂತೆ ಮಾಡಿತು. ತಲೆಗೂ ಕೊಡಕ್ಕೂ ನಡುವೆ ಸಿಂಬಿ ಇದ್ದಂತೆ ಎಂಜಿನ್ನಿಗೂ ಬಾಡಿಗೂ ನಡುವೆ ಮೆತ್ತಗಿನದೊಂದು ಇರಬೇಕು ಎಂಬ ಆ ತಿಳಿವಳಿಕೆಯೇ ಇಂದಿನ ಕಾರುಗಳಿಗೂ ಬುನಾದಿ.

ಆದರೆ ಎಷ್ಟು ಮೆತ್ತಗೆ ಎಂಬುದು ಊಹೆಗೆ ಬಿಟ್ಟ ಮಾತಲ್ಲ. ಮೂರು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 900 ಸುತ್ತಿನ ಐಡಲಿಂಗಿನಲ್ಲಿದ್ದಾಗ ಸೆಕೆಂಡಿಗೆ 15 ಸುತ್ತು, ಸುತ್ತಿಗೆ ಒಂದೂವರೆ ಸ್ಫೋಟ, ಅಂದರೆ ಸೆಕೆಂಡಿಗೆ 22.5 ಬಡಿತ. ರಬ್ಬರಿನ ಮೇಲೆ ಕೂತ ಎಂಜಿನ್ನಿಗೂ ತನ್ನದೇ ಸಹಜ ಕಂಪನದ ವೇಗವೊಂದಿರುತ್ತದೆ. ಬಡಿತದ ವೇಗ ಅದರ 1.4 ಪಟ್ಟು ದಾಟಿದ ಮೇಲಷ್ಟೇ ರಬ್ಬರು ನಡುಕವನ್ನು ನುಂಗಲು ಶುರು ಮಾಡುತ್ತದೆ. ಎರಡೂ ಒಂದೇ ಆದರೆ ನುಂಗುವ ಬದಲು ಹಿಗ್ಗಿಸುತ್ತದೆ. "ಗಟ್ಟಿ ರಬ್ಬರು ಹಾಕಿಸಿಬಿಟ್ಟರೆ ಮತ್ತೆ ಕೈ ಹಾಕಬೇಕಾಗಿಲ್ಲ" ಎನ್ನುವವರಿಗೆ ಉತ್ತರ ಇಲ್ಲಿದೆ. ಸಹಜ ಕಂಪನ ಸೆಕೆಂಡಿಗೆ 11 ಇದ್ದ ಕಡೆ ನಾಲ್ಕು ಪಟ್ಟು ಗಡುಸಾದ ಪಾಲಿಯುರೆಥೇನ್ ತುಂಡು ಕೂರಿಸಿದರೆ ಅದು ಎರಡು ಪಟ್ಟಾಗಿ 22ಕ್ಕೆ ಏರುತ್ತದೆ, 22.5ರ ಬಡಿತದ ಎದುರಿಗೇ ಹೋಗಿ ನಿಲ್ಲುತ್ತದೆ. ತುಂಡು ಬಾಳಿಕೆ ಬರುತ್ತದೆ, ಕಾರು ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಗಡಗಡ ಎನ್ನುತ್ತದೆ. ರೇಸಿನ ಕಾರಿಗೆ ಅದು ಸರಿಯಿರಬಹುದು, ಸಂಸಾರದ ಕಾರಿಗೆ ಬೇಡ.

ರಬ್ಬರು ಮೂರು ದಾರಿಯಲ್ಲಿ ಹಾಳಾಗುತ್ತದೆ. ಹಾಸನದಿಂದ ಶಿರಾಡಿ ಘಾಟಿ ಇಳಿದು ಪುತ್ತೂರು, ಸುಳ್ಯದ ಕಡೆ ಹೋದರೆ ಕಾಣುವ ತೋಟಗಳ ಮರದ ಹಾಲಿನಿಂದಾಗುವ ಸ್ವಾಭಾವಿಕ ರಬ್ಬರೇ ಇಂದಿಗೂ ಮೌಂಟಿಂಗ್‌ಗೆ ಮೆಚ್ಚಿನ ಸಾಮಗ್ರಿ; ಲಕ್ಷಗಟ್ಟಲೆ ಸಲ ಮಡಿಸಿ ಬಿಟ್ಟರೂ ಹರಿಯದ ಗುಣ ಅದಕ್ಕಿದೆ. ಆದರೆ ಬಾನೆಟ್ಟಿನ ಕೆಳಗಿನ ಬಿಸಿಗೆ ಅದು ಗಡುಸಾಗುತ್ತದೆ, ಗಾಳಿಯ ಓಜೋನಿಗೆ ಬಿರುಕು ಬಿಡುತ್ತದೆ, ಎಂಜಿನ್ ಆಯಿಲ್ ತಗುಲಿದರೆ ಉಬ್ಬಿ ಮೆತ್ತಗಾಗುತ್ತದೆ. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಸೋರುತ್ತಿದ್ದರೆ ಮೊದಲು ಅದನ್ನು ಸರಿಪಡಿಸಬೇಕು, ಇಲ್ಲವಾದರೆ ಹೊಸ ಮೌಂಟಿಂಗಿಗೂ ಅದೇ ಗತಿ. ಹತ್ತಿರದಿಂದ ನೋಡಿದರೆ ಸತ್ತ ಮೌಂಟಿಂಗ್ ತಾನೇ ಗುರುತು ಹೇಳುತ್ತದೆ: ರಬ್ಬರು ಲೋಹವನ್ನು ಬಿಟ್ಟು ಉಗುರು ತೂರುವಷ್ಟು ಸಂದಾಗಿರುತ್ತದೆ, ಸುತ್ತ ಕರಿ ಪುಡಿ ಉದುರಿರುತ್ತದೆ, ಒಳಗೆ ದ್ರವ ತುಂಬಿದ ಬಗೆಯದಾದರೆ ಕೆಳಗೆ ಒದ್ದೆ ಕಲೆ ಇಳಿದಿರುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಕಾಲಬ್ರೇಕೂ ಒತ್ತಿ ಹಿಡಿದು, ಮೊದಲ ಗೇರು ಮತ್ತು ರಿವರ್ಸಿನಲ್ಲಿ ಕ್ಲಚ್ಚನ್ನು ಒಂದಿಷ್ಟೇ ಬಿಟ್ಟರೆ ಎಂಜಿನ್ನು ಎಷ್ಟು ಹೊರಳುತ್ತದೆಂದು ಕಾಣುತ್ತದೆ. ನೋಡುವವರು ಕಾರಿನ ಪಕ್ಕಕ್ಕೆ ನಿಲ್ಲಬೇಕು, ಮುಂದೆಯೂ ಹಿಂದೆಯೂ ಕೂಡದು.

ನಡುಕ ತಾನೇ, ಸಹಿಸಿಕೊಂಡರಾಯಿತು ಎಂಬ ವಾದ ಒಪ್ಪುವಂಥದ್ದಲ್ಲ. ಒಂದು ಮೌಂಟಿಂಗ್ ಕುಸಿದರೆ ಅದರ ಪಾಲಿನ ಭಾರ ಉಳಿದವುಗಳ ಮೇಲೆ ಬೀಳುತ್ತದೆ. ಎಂಜಿನ್ನು ಹೊರಳಿದಷ್ಟೂ ಸೈಲೆನ್ಸರ್ ಪೈಪಿನ ಕೀಲು, ರೇಡಿಯೇಟರ್ ಹೋಸು, ವೈರಿಂಗು, ಡ್ರೈವ್ ಶಾಫ್ಟಿನ ಜಾಯಿಂಟು ಎಲ್ಲವೂ ಎಳೆದಾಡುತ್ತವೆ. ಸಣ್ಣ ರಬ್ಬರಿಗೆ ಮುಂದೂಡಿದ ಖರ್ಚು ದೊಡ್ಡ ಭಾಗಕ್ಕೆ ಬರುವುದು ಹೀಗೆ.

ಮೌಂಟಿಂಗ್ ಬದಲಿಸುವುದು ಮನೆಯಲ್ಲಿ ಮಾಡುವ ಕೆಲಸವೇ, ಅಪಾಯವಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಮೂರೂ ಹಾಸನದಿಂದ 30–40 ಕಿಲೋಮೀಟರಿನ ಆಸುಪಾಸಿನಲ್ಲಿವೆ, ಗ್ಯಾರೇಜಿಗೇನೂ ಬರವಿಲ್ಲ. ಆದರೂ ಬಾನೆಟ್ ಎತ್ತಿದರೆ ಕೈಗೆ ಸಿಗುವ ಮೇಲಿನ ಮೌಂಟಿಂಗನ್ನು, ಸ್ಪ್ಯಾನರ್ ಹಿಡಿದು ಅಭ್ಯಾಸವಿರುವವರು ಮನೆಯಲ್ಲೇ ಬದಲಿಸಬಹುದು. ಅಪಾಯವಿರುವುದೆಲ್ಲ ಬೋಲ್ಟು ಬಿಚ್ಚಿದ ಮೇಲೆ ಎಂಜಿನ್ನಿನ ಭಾರ ಯಾರು ಹೊರುತ್ತಾರೆ ಎಂಬ ಒಂದೇ ಪ್ರಶ್ನೆಯಲ್ಲಿ. ಮಣ್ಣಿನ ಅಂಗಳ ಮಳೆಗೆ ನೆನೆದಿದ್ದರೆ ಜಾಕು ಹೂತುಹೋಗುತ್ತದೆ. ಸಿಮೆಂಟಿನ ಸಮತಟ್ಟು ನೆಲವೇ ಬೇಕು. ಎಂಜಿನ್ನು ತಣ್ಣಗಾಗಿರಬೇಕು, ಚಕ್ರಗಳಿಗೆ ತಡೆ ಕೊಟ್ಟಿರಬೇಕು, ಬ್ಯಾಟರಿಯ ಮೈನಸ್ ವೈರು ಬಿಚ್ಚಿರಬೇಕು. ಆಯಿಲ್ ಸಂಪಿನ ತಗಡು ತೆಳು, ಜಾಕಿನ ಮೊನೆ ನೇರ ತಾಗಿದರೆ ಒಳಕ್ಕೆ ನೆಗ್ಗುತ್ತದೆ. ನಡುವೆ ಅಗಲವಾದ ಮರದ ತುಂಡಿಟ್ಟು, ಹಳೆಯ ರಬ್ಬರಿನ ಮೇಲಿನ ಭಾರ ಇಳಿಯುವಷ್ಟೇ ಎತ್ತಬೇಕು, ಕಾರಿನ ಮೈ ಏಳುವಷ್ಟಲ್ಲ. ಒಂದು ಸಲಕ್ಕೆ ಒಂದೇ ಮೌಂಟಿಂಗ್ ಬಿಚ್ಚಬೇಕು. ಕೆಳಗಿನ ಮೌಂಟಿಂಗಿಗೆ ಕಾರಿನಡಿ ತೂರಬೇಕಾದರೆ, ಇಟ್ಟಿಗೆ ಪೇರಿಸಿ ಮಲಗುವ ಸಾಹಸ ಬೇಡವೇ ಬೇಡ; ಸರಿಯಾದ ಸ್ಟ್ಯಾಂಡುಗಳು ಇಲ್ಲದವರಿಗೆ ಆ ಕೆಲಸ ಗ್ಯಾರೇಜಿನದೇ.

ಹೊಸದನ್ನು ಕೂರಿಸುವಾಗ ಅನುಭವಿಗಳೂ ತಪ್ಪುವ ಜಾಗವೊಂದಿದೆ. ಜಾಕು ಎಂಜಿನ್ನನ್ನು ಎತ್ತಿ ಹಿಡಿದಿರುವಾಗಲೇ ಬೋಲ್ಟುಗಳನ್ನು ಪೂರ್ತಿ ಬಿಗಿದರೆ, ಜಾಕು ಇಳಿದ ಕೂಡಲೇ ರಬ್ಬರು ತಿರುಚಿಕೊಳ್ಳುತ್ತದೆ, ನಿಂತ ಕಾರಿನಲ್ಲೂ ತಿರುಚಿಕೊಂಡೇ ಇರುತ್ತದೆ. ಸ್ಪ್ರಿಂಗಿನಂತೆ ಎರಡೂ ಕಡೆಗೆ ಸಮವಾಗಿ ಬಾಗಬೇಕಾದ ರಬ್ಬರು ಒಂದೇ ಕಡೆಗೆ ಎಳೆದುಕೊಂಡು ನಿಂತರೆ ಬೇಗ ಹರಿಯುತ್ತದೆ. ಆದ್ದರಿಂದ ಬೋಲ್ಟುಗಳನ್ನೆಲ್ಲ ಮೊದಲು ಕೈಯಲ್ಲೇ ಎರಡು ಮೂರು ಸುತ್ತು ಹತ್ತಿಸಿ, ಜಾಕು ಇಳಿಸಿ, ಎಂಜಿನ್ನು ತನ್ನ ಭಾರಕ್ಕೆ ತಾನೇ ನೆಲೆಯಾಗಲು ಬಿಟ್ಟು, ಆಮೇಲೆ ಟಾರ್ಕ್ ರೆಂಚಿನಿಂದ ಆ ಮಾದರಿಯ ಕೈಪಿಡಿ ಹೇಳಿದಷ್ಟೇ ಬಿಗಿಯಬೇಕು. ಒಮ್ಮೆ ಬಿಗಿದದ್ದನ್ನು ಮತ್ತೆ ಬಳಸಬಾರದೆಂದು ಕೈಪಿಡಿ ಹೇಳಿದ ಬೋಲ್ಟುಗಳ ಜಾಗಕ್ಕೆ ಹೊಸವನ್ನೇ ತರಬೇಕು. ಇಷ್ಟಾದ ಮೇಲೂ ಐಡಲಿಂಗಿನಲ್ಲಿ ನಡುಕ ಉಳಿದರೆ ಇನ್ನೊಂದು ಮೌಂಟಿಂಗ್ ಕೊಳ್ಳಲು ಹೊರಡಬಾರದು. ಪ್ಲಗ್ಗು, ಇಗ್ನಿಷನ್ ಕಾಯಿಲು, ಇಂಜೆಕ್ಟರು, ಮಸಿ ಹಿಡಿದ ಥ್ರಾಟಲ್ ಇವುಗಳನ್ನು ನೋಡಬೇಕು. ಒಂದು ಸಿಲಿಂಡರಿನಲ್ಲಿ ಸ್ಫೋಟ ತಪ್ಪುತ್ತಿದ್ದರೆ ಬಡಿತ ಸೆಕೆಂಡಿಗೆ 22.5ರ ಲಯ ಬಿಟ್ಟು ಇನ್ನೂ ನಿಧಾನದ ಕುಲುಕಾಟಕ್ಕೆ ಇಳಿಯುತ್ತದೆ, ಅದನ್ನು ತಡೆಯುವಷ್ಟು ಮೆತ್ತಗಿನ ರಬ್ಬರನ್ನು ಯಾವ ಕಾರಿನಲ್ಲೂ ಇಟ್ಟಿರುವುದಿಲ್ಲ.