ಮೇಲ್ ಜರಡಿ: ಇರೋದೇ ಸಾಕಾ, ಹೊರಗಿಂದ ತರಬೇಕಾ?

ಕಾಲೇಜ್ ಐಡಿಗೆ ಬರೋ ಮೇಲ್‌ಗಳನ್ನ ಒಂದ್ಸಲ ನೋಡಿ. ಫೆಸ್ಟ್ ಪೋಸ್ಟರ್, ಆನ್‌ಲೈನ್ ಕೋರ್ಸ್ ಜಾಹೀರಾತು, ಕಳೆದುಹೋದ ಕ್ಯಾಲ್ಕುಲೇಟರ್. ಇವುಗಳ ಮಧ್ಯೆ ಎಲ್ಲೋ "ಇಂಟರ್ನ್‌ಶಿಪ್ ಫಾರ್ಮ್, ಇವತ್ತು ಸಂಜೆ ಐದಕ್ಕೆ ಕೊನೆ" ಅನ್ನೋದೂ ಇರುತ್ತೆ. ಅದೊಂದು ತಪ್ಪಿದ್ರೆ ಉಳಿದ ನೂರು ಓದಿ ಏನು ಬಂತು? ಸೋಸಲೇಬೇಕು. ಅದಕ್ಕೆ ಜಿಮೇಲ್, ಔಟ್‌ಲುಕ್ ಒಳಗೇ ಇರೋ ರೂಲ್ ಸಾಕಾ, ಬೇರೆ ಟೂಲ್ ಬೇಕಾ?

ಜಿಮೇಲ್ ಫಿಲ್ಟರ್ ಅಂದ್ರೆ ಸೇವ್ ಮಾಡಿಟ್ಟ ಒಂದು ಸರ್ಚ್, ಅಷ್ಟೇ. ಮೇಲ್ ಬಂದ ತಕ್ಷಣ ಗೂಗಲ್ ಸರ್ವರ್‌ನಲ್ಲೇ ಓಡುತ್ತೆ. ನಿಮ್ಮ ಲ್ಯಾಪ್‌ಟಾಪ್ ಮುಚ್ಚಿದ್ರೂ, ಹಾಸ್ಟೆಲ್ ವೈಫೈ ಸತ್ತಿದ್ರೂ ಅದರ ಕೆಲಸ ನಿಲ್ಲಲ್ಲ. ಮೊದಲ ಫಿಲ್ಟರನ್ನ ಪ್ಲೇಸ್‌ಮೆಂಟ್ ಸೆಲ್ ವಿಳಾಸಕ್ಕೆ ಮಾಡಿ: ಸ್ಟಾರ್, ಒಂದು ಲೇಬಲ್, ಜೊತೆಗೆ "ಸ್ಪ್ಯಾಮ್‌ಗೆ ಕಳಿಸಬೇಡ" ಅನ್ನೋ ಆಯ್ಕೆ. ಈ ಕೊನೆಯದನ್ನ ತುಂಬಾ ಜನ ಟಿಕ್ ಮಾಡೋದೇ ಇಲ್ಲ, ನನ್ನ ಪ್ರಕಾರ ಮೂರರಲ್ಲಿ ಅದೇ ಮುಖ್ಯ.

ಕಳಿಸಿದವರ ವಿಳಾಸದ ಮೇಲೆ ಮಾಡಿದ ರೂಲ್ ಗಟ್ಟಿ. ಪದದ ಮೇಲೆ ಮಾಡಿದ್ದು ಎಡವುತ್ತೆ. ನಮ್ಮ ಪುಟ್ಟೇನಹಳ್ಳಿಯನ್ನೇ ತಗೊಳ್ಳಿ. ಇಲ್ಲಿ ಪಿಜಿ ಹುಡುಕೋಕೆ ಅಲರ್ಟ್ ಹಾಕಿ, ಆ ಹೆಸರಿಗೆ ಫಿಲ್ಟರ್ ಮಾಡಿದ್ರೆ ಜೆ.ಪಿ. ನಗರದ ಪುಟ್ಟೇನಹಳ್ಳಿಯ ಮನೆಗಳೂ ಅದರಲ್ಲೇ ಬಂದು ಬೀಳುತ್ತೆ. (ಎರಡೂ ಕಡೆ ಕೆರೆ ಬೇರೆ ಇದೆ, ಹೊಸಬರಿಗೆ ಇನ್ನೂ ಗೊಂದಲ.) ಹಾಗಾಗಿ "ಯಲಹಂಕ" ಇರಲೇಬೇಕು, "ಜೆ.ಪಿ. ನಗರ" ಇರಬಾರದು ಅಂತ ಸೇರಿಸಬೇಕು. ಇಂಗ್ಲಿಷಲ್ಲಿ ಊರಿನ ಹೆಸರನ್ನ ಒಬ್ಬೊಬ್ರು ಒಂದೊಂದು ಥರ ಬರೀತಾರೆ, ಆ ಸ್ಪೆಲಿಂಗ್‌ಗಳನ್ನೂ "ಅಥವಾ" ಹಾಕಿ ಸೇರಿಸಿ. ಇಷ್ಟೂ ಜಿಮೇಲ್ ಒಳಗೇ ಆಗುತ್ತೆ. ಮೊದಲು ಸರ್ಚ್ ಬಾಕ್ಸ್‌ನಲ್ಲಿ ಹಾಕಿ ಏನೇನು ಸಿಗುತ್ತೆ ನೋಡಿ, ಆಮೇಲೆ ಫಿಲ್ಟರ್ ಮಾಡಿ.

ಆಗದೇ ಇರೋದೂ ಇದೆ. ರೆಗ್ಯುಲರ್ ಎಕ್ಸ್‌ಪ್ರೆಶನ್ ನಡೆಯಲ್ಲ. "ಏಳು ದಿನ ಹಳೇದಾದ ಫೆಸ್ಟ್ ಮೇಲನ್ನ ಆರ್ಕೈವ್ ಮಾಡು" ಅಂತ ಹೇಳೋಕೂ ಆಗಲ್ಲ, ಯಾಕಂದ್ರೆ ಫಿಲ್ಟರ್ ಓಡೋದು ಮೇಲ್ ಬಂದಾಗ. ಔಟ್‌ಲುಕ್‌ನಲ್ಲಿ ರೂಲ್‌ಗಳಿಗೆ ಮೇಲಿಂದ ಕೆಳಗೆ ಕ್ರಮ ಇದೆ, "ಇಲ್ಲಿಗೆ ಸಾಕು" ಅಂತ ನಿಲ್ಲಿಸಬಹುದು. ಜಿಮೇಲ್‌ನಲ್ಲಿ ಆ ಸೌಲಭ್ಯ ಇಲ್ಲ.

ಇಂಥದ್ದು ಬೇಕಾದಾಗ ಮಾತ್ರ ಹೊರಗೆ ನೋಡಿ. ಥಂಡರ್‌ಬರ್ಡ್ ಒಳ್ಳೇದೇ, ಆದ್ರೆ ಅದರ ಫಿಲ್ಟರ್ ಓಡೋದು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅದು ತೆರೆದಿದ್ದಾಗ ಮಾತ್ರ. ಕೆಲವು ಮೇಲ್ ಸರ್ವರ್‌ಗಳಲ್ಲಿ ಸೀವ್ ಅನ್ನೋ ಪುಟ್ಟ ಭಾಷೆ ಇರುತ್ತೆ. ಹೆಸರಿನ ಅರ್ಥವೇ ಜರಡಿ, 2008ರ ಆರ್‌ಎಫ್‌ಸಿ 5228ರಲ್ಲಿ ಅದರ ವಿವರ ಇದೆ. ಜಿಮೇಲ್‌ಗೆ ಅದು ಬರಲ್ಲ. ಜಿಮೇಲ್ ಇರೋರು ಆ್ಯಪ್ಸ್ ಸ್ಕ್ರಿಪ್ಟ್ ಬಳಸಿ: ಹತ್ತು ಸಾಲು ಜಾವಾಸ್ಕ್ರಿಪ್ಟ್, ದಿನಕ್ಕೊಮ್ಮೆ ಓಡೋ ಟ್ರಿಗರ್, ಆ ಏಳು ದಿನದ ಕೆಲಸ ಮುಗೀತು. ಕೋಡ್ ನಿಮ್ಮದೇ, ಓಡೋದು ಗೂಗಲ್‌ನಲ್ಲೇ.

ನಂಗೆ ಭಯ ಇರೋದು "ಒಂದೇ ಕ್ಲಿಕ್‌ನಲ್ಲಿ ಇನ್‌ಬಾಕ್ಸ್ ಕ್ಲೀನ್" ಅನ್ನೋ ಫ್ರೀ ಸರ್ವಿಸ್‌ಗಳ ಬಗ್ಗೆ. ಇಡೀ ಮೇಲ್‌ಬಾಕ್ಸ್ ಓದೋ ಅನುಮತಿ ಕೊಡದೆ ಅವು ಕೆಲಸ ಮಾಡಲ್ಲ. ಅಂದ್ರೆ ಬ್ಯಾಂಕ್ ಸ್ಟೇಟ್‌ಮೆಂಟ್, ಓಟಿಪಿ, ಪಾಸ್‌ವರ್ಡ್ ರೀಸೆಟ್ ಲಿಂಕ್ ಎಲ್ಲಾ ಬಂತು. ಅನ್‌ರೋಲ್.ಮಿ ಅನ್ನೋ ಅಮೆರಿಕದ ಸರ್ವಿಸ್ ಬೇಡದ ಸಬ್‌ಸ್ಕ್ರಿಪ್ಶನ್ ತೆಗೆದುಕೊಡ್ತಿತ್ತು. ಜನರ ಖರೀದಿ ರಸೀದಿ ಮೇಲ್‌ಗಳು ಅದರ ಮಾತೃ ಸಂಸ್ಥೆ ಸ್ಲೈಸ್‌ಗೆ ಹೋಗಿ, ಅದರಿಂದ ತೆಗೆದ ಮಾಹಿತಿ ಮಾರಾಟ ಆಗ್ತಿದೆ ಅಂತ 2017ರಲ್ಲಿ ಸುದ್ದಿಯಾಯ್ತು. ಬಳಕೆದಾರರಿಗೆ ಸುಳ್ಳು ಭರವಸೆ ಕೊಟ್ಟಿದೆ ಅಂತ 2019ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಕ್ರಮ ತಗೊಳ್ತು.

ಅಂಥದ್ದಕ್ಕೆ ಆಗಲೇ ಅನುಮತಿ ಕೊಟ್ಟಿದ್ರೆ ಗೂಗಲ್ ಅಕೌಂಟ್‌ನ ಸೆಕ್ಯುರಿಟಿ ಪುಟಕ್ಕೆ ಹೋಗಿ, ಥರ್ಡ್ ಪಾರ್ಟಿ ಆ್ಯಪ್‌ಗಳ ಪಟ್ಟಿಯಿಂದ ತೆಗೆದುಹಾಕಿ. ಹಾಗೆ ತೆಗೆದ್ರೆ ಮುಂದೆ ಓದೋದು ನಿಲ್ಲುತ್ತೆ ಅಷ್ಟೇ. ಆಗಲೇ ಕಾಪಿ ಮಾಡ್ಕೊಂಡಿದ್ದನ್ನ ಅಳಿಸಿ ಅಂತ ಅವರಿಗೆ ಬೇರೆಯಾಗಿ ಬರೆದು ಕೇಳಬೇಕು.