ಗುಂಡಿಗೆ ಸೋತಾಗ: ಆಸ್ಪತ್ರೆಗೆ ಮುಂಚಿನ ಒಂದೆರಡು ಗಂಟೆ

ಹೃದಯದ ವಿಚಾರವನ್ನು ಹೇಳತಕ್ಕವರು ವೈದ್ಯರು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಪಾಠ ಹೇಳುವವನು. ಆದರೆ ರೋಗಿಯು ವೈದ್ಯರ ಕೈ ಸೇರುವುದಕ್ಕೆ ಮೊದಲು ನಡೆಯುವ ಭಾಗವೊಂದುಂಟು. ಅದು ಮನೆಯವರ, ನೆರೆಯವರ, ವಾಹನ ನಡೆಸುವವರ ಕೈಯಲ್ಲಿರುವುದರಿಂದ ನಮ್ಮೆಲ್ಲರಿಗೂ ಸೇರಿದ್ದು. ಮೈಸೂರು ಬೆಂಗಳೂರುಗಳಲ್ಲಿ ಕುಳಿತು ಕೇಳುತ್ತಿರುವ ಮಹನೀಯರಲ್ಲಿಯೂ ಮಹಿಳೆಯರಲ್ಲಿಯೂ ಅನೇಕರಿಗೆ ಮಲೆನಾಡಿನಲ್ಲಿ ಹಳೆಯ ಮನೆಯೊಂದಿದ್ದು, ಆ ಮನೆಯಲ್ಲಿ ಎಪ್ಪತ್ತು ದಾಟಿದ ತಂದೆತಾಯಿಗಳು ಇರುವರು. ರಾತ್ರಿ ಎರಡು ಗಂಟೆಗೆ ದೂರವಾಣಿ ಬಂದರೆ, ಏನು ಮಾಡಬೇಕೆಂದು ಮೊದಲು ಹೇಳಬೇಕಾದವರು ನೀವೇ.

ಕೊಪ್ಪ ತಾಲ್ಲೂಕಿನ ಜಯಪುರವನ್ನೇ ತೆಗೆದುಕೊಳ್ಳೋಣ. ಪೇಟೆ ಚಿಕ್ಕದು, ಸುತ್ತಣ ಮನೆಗಳೋ ಕಾಫಿ, ಅಡಕೆ ತೋಟಗಳ ನಡುವೆ ಒಂದೊಂದು ಕಣಿವೆಗೆ ಒಂದೆರಡರಂತೆ ಹರಡಿಕೊಂಡಿವೆ. ತಾಲ್ಲೂಕು ಆಸ್ಪತ್ರೆ ಇರುವುದು ಕೊಪ್ಪದಲ್ಲಿ. ಹೃದಯತಜ್ಞರನ್ನು ಕಾಣಬೇಕಾದರೆ ಶಿವಮೊಗ್ಗಕ್ಕೆ ಹೋಗಬೇಕು, ಇಲ್ಲವೆ ಆಗುಂಬೆಯ ಘಾಟಿಯನ್ನಿಳಿದು ಮಣಿಪಾಲಕ್ಕೆ. ಆಷಾಢದ ಮಳೆಯಲ್ಲಿ ಈ ದಾರಿಗಳು ಎಂಥವೆಂಬುದನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಪಟ್ಟಣದಲ್ಲಿ ಹತ್ತು ನಿಮಿಷದ ಮಾತಾಗಿರುವುದು ಅಲ್ಲಿ ಒಂದೆರಡು ಗಂಟೆಯ ಮಾತು.

ಮೊದಲು ರೋಗದ ಸ್ವರೂಪ. ಹೃದಯಾಘಾತ, ಹೃದಯಸ್ತಂಭನ, ಹೃದಯ ವೈಫಲ್ಯ ಎಂಬ ಮೂರನ್ನು ಜನರು ಒಂದೇ ಎಂದು ಭಾವಿಸುವುದುಂಟು. ಹೃದಯಕ್ಕೆ ರಕ್ತವನ್ನೊಯ್ಯುವ ನಾಳವು ಮುಚ್ಚಿಕೊಳ್ಳುವುದು ಆಘಾತ. ಬಡಿತವೇ ನಿಲ್ಲುವುದು ಸ್ತಂಭನ. ಬಡಿಯುತ್ತಿದ್ದರೂ ಬಂದ ರಕ್ತವನ್ನು ಮುಂದಕ್ಕೆ ನೂಕಲಾರದೆ ಸೋಲುವುದು ವೈಫಲ್ಯ. ಅಡಕೆ ತೋಟದ ಬಸಿಗಾಲುವೆಯನ್ನು ನೆನೆಯಿರಿ. ಕಾಲುವೆಯ ಬಾಯಿ ಕಟ್ಟಿಕೊಂಡರೆ ತೊಂದರೆ ಕಾಣಿಸುವುದು ಬಾಯಿಯಲ್ಲಲ್ಲ. ಹಿಂದೆ, ಮರಗಳ ಬುಡದಲ್ಲಿ ನೀರು ನಿಲ್ಲುತ್ತದೆ. ಹಾಗೆಯೇ ಹೃದಯದ ಎಡಭಾಗವು ಸೋತರೆ ಅದರ ಹಿಂದಿರುವ ಶ್ವಾಸಕೋಶದಲ್ಲಿ ಒತ್ತಡವೇರಿ, ರಕ್ತದ ನೀರಿನಂಶವು ಗಾಳಿಯ ಚೀಲಗಳೊಳಕ್ಕೆ ಜಿನುಗುತ್ತದೆ. ರೋಗಿಯು ನೆಲದ ಮೇಲಿದ್ದುಕೊಂಡೇ ಮುಳುಗುವವನಂತೆ ಒದ್ದಾಡುವನು.

ಇದು ನಡುರಾತ್ರಿಯಲ್ಲಿ ಕಾಣಿಸಿಕೊಳ್ಳುವುದಕ್ಕೆ ಕಾರಣವುಂಟು. ಹಗಲೆಲ್ಲ ಕಾಲುಗಳಲ್ಲಿ ಇಳಿದಿದ್ದ ನೀರು, ಮಲಗಿದಾಗ ರಕ್ತಕ್ಕೆ ಮರಳಿ ಎದೆಯ ಕಡೆಗೆ ಬರುತ್ತದೆ. ಸೋತ ಗುಂಡಿಗೆಗೆ ಆ ಹೆಚ್ಚಿನ ಹೊರೆ ತಾಳದು. ರೋಗಿಯು ಉಸಿರು ಕಟ್ಟಿ ಎದ್ದು ಕುಳಿತು, ಕಿಟಕಿಯನ್ನು ತೆರೆಯಿರೆಂದು ಕೈಸನ್ನೆ ಮಾಡುವನು. ಎದೆಯಲ್ಲಿ ಸಿಳ್ಳಿನ ಸದ್ದು ಕೇಳುವುದರಿಂದ ಮನೆಯವರು ಇದನ್ನು ಗೂರಲೆಂದೇ ತಿಳಿಯುವುದು ಹೆಚ್ಚು. ಹಿಂದೆಂದೂ ಗೂರಲಿಲ್ಲದ ಮುದುಕರಿಗೆ, ಅದರಲ್ಲಿಯೂ ರಕ್ತದೊತ್ತಡವೋ ಹೃದ್ರೋಗವೋ ಇದ್ದವರಿಗೆ, ರಾತ್ರಿ ಹೊಸದಾಗಿ ಉಬ್ಬಸ ಬಂದರೆ ಗುಂಡಿಗೆಯನ್ನು ಶಂಕಿಸಬೇಕು. ಕೆಮ್ಮಿನೊಡನೆ ನಸುಗೆಂಪಾದ ನೊರೆ ಬಂದರಂತೂ ಸಂದೇಹಕ್ಕೆ ಎಡೆಯೇ ಇಲ್ಲ.

ಆಗ ನೆರೆಹೊರೆಯವರು ಸೇರಿ ಹೇಳುವ ಮೊದಲ ಮಾತು ಯಾವುದು ಬಲ್ಲಿರಾ? “ಮಲಗಿಕೊಳ್ಳಿ ಭಾವಯ್ಯ, ಒಂದು ಗಳಿಗೆ ಸುಧಾರಿಸಿಕೊಳ್ಳಿ” ಎಂಬುದು. ಪ್ರೀತಿಯ ಮಾತೇ, ಆದರೆ ಇದಕ್ಕಿಂತ ಅಪಾಯಕರವಾದ ಸಲಹೆ ಇನ್ನೊಂದಿಲ್ಲ. ರೋಗಿಯನ್ನು ಮಲಗಿಸಕೂಡದು. ನೆಟ್ಟಗೆ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ಕಾಲುಗಳನ್ನು ಮಂಚದ ಅಂಚಿನಿಂದ ಕೆಳಕ್ಕೆ ಇಳಿಬಿಡಬೇಕು. ಇಷ್ಟರಿಂದಲೇ ಹೃದಯಕ್ಕೆ ಮರಳುವ ರಕ್ತ ಸ್ವಲ್ಪ ಕಡಿಮೆಯಾಗುತ್ತದೆ. ಬಿಗಿಯಾದ ಬಟ್ಟೆಯನ್ನು ಸಡಿಲಿಸಬೇಕು. ಬಿಸಿನೀರು, ಕಷಾಯ, ಕಾಫಿ ಯಾವುದೂ ಬೇಡ. ನಾಲಗೆಯ ಕೆಳಗಿಡುವ ಮಾತ್ರೆಯನ್ನು ಅವರ ವೈದ್ಯರೇ ಹಿಂದೆ ಬರೆದುಕೊಟ್ಟಿದ್ದರೆ ಮಾತ್ರ ಕೊಡಬಹುದು. ಪಕ್ಕದ ಮನೆಯವರ ಡಬ್ಬಿಯಿಂದ ತಂದು ಕೊಡಬಾರದು, ಏಕೆಂದರೆ ರಕ್ತದೊತ್ತಡ ಮೊದಲೇ ಇಳಿದಿದ್ದರೆ ಅದು ಇನ್ನಷ್ಟು ಇಳಿಸುತ್ತದೆ. ಇಷ್ಟರೊಳಗಾಗಿ ಒಬ್ಬರು ೧೦೮ಕ್ಕೆ ಕರೆ ಮಾಡಿರಬೇಕು. ಕರ್ನಾಟಕದಲ್ಲಿ ಈ ಸೇವೆ ೨೦೦೮ರಲ್ಲಿ ಆರಂಭವಾಯಿತು. ಕರೆ ಮಾಡುವವರು “ಹುಷಾರಿಲ್ಲ” ಎಂದಷ್ಟೆ ಹೇಳದೆ, “ಉಸಿರಾಡಲಾಗುತ್ತಿಲ್ಲ, ಮಲಗಲಾಗುತ್ತಿಲ್ಲ, ಹೃದಯದ ಕಾಯಿಲೆ ಇದೆ” ಎಂದು ಹೇಳಿದರೆ, ಪ್ರಾಣವಾಯುವಿನ ಮತ್ತು ಯಂತ್ರಗಳ ಅನುಕೂಲವುಳ್ಳ ವಾಹನವನ್ನು ಕಳುಹಿಸಲು ಅವರಿಗೆ ಸಾಧ್ಯವಾದೀತು.

ಮಲೆನಾಡಿಗೇ ವಿಶೇಷವಾದ ತೊಡಕು ಮುಂದಿನದು. ವಾಹನ ನಿಲ್ಲುವ ರಸ್ತೆಯಿಂದ ಮನೆಗೆ ಕಾಲುದಾರಿ. ಕಂಬಳಿಯನ್ನು ಗಳುವಿಗೆ ಕಟ್ಟಿ, ಜೋಲಿಯಲ್ಲಿ ರೋಗಿಯನ್ನು ಹೊತ್ತು ತರುವ ರೂಢಿ ಗುಡ್ಡಗಾಡಿನಲ್ಲಿ ಪೂರ್ತಿಯಾಗಿ ಹೋಗಿಲ್ಲ. ಕಾಲು ಮುರಿದವರಿಗೆ ಅದು ಸರಿಯಾಗಬಹುದು; ಈ ರೋಗಿಗೆ ಸಲ್ಲದು, ಏಕೆಂದರೆ ಜೋಲಿಯಲ್ಲಿ ದೇಹವು ಮುದುಡಿ ಮಲಗಿದಂತಾಗುತ್ತದೆ. ನಡೆಸಿಕೊಂಡು ಹೋಗುವುದೂ ತಪ್ಪು. ಕೈಗಳುಳ್ಳ ಗಟ್ಟಿಯಾದ ಮರದ ಕುರ್ಚಿಯೊಂದಕ್ಕೆ ಎರಡು ಬಿದಿರ ಗಳುಗಳನ್ನು ಬಿಗಿದು, ನಾಲ್ವರು ಹೊತ್ತರೆ ಆಯಿತು. ಆಸ್ಪತ್ರೆಯವರ ಯಾವ ಉಪಕರಣಕ್ಕೂ ಇದು ಕಡಿಮೆಯದಲ್ಲವೆಂದು ನನ್ನ ಅಭಿಪ್ರಾಯ.

ಇನ್ನು ವಾಹನದೊಳಗಿನ ಚಿಕಿತ್ಸೆ. ೧೯೬೬ರಲ್ಲಿ ಬೆಲ್‌ಫಾಸ್ಟಿನ ಫ್ರಾಂಕ್ ಪ್ಯಾಂಟ್ರಿಜ್ ಎಂಬ ವೈದ್ಯರು, ಹೃದ್ರೋಗಿಗಳಲ್ಲಿ ಬಹುಮಂದಿ ಆಸ್ಪತ್ರೆಯನ್ನು ಸೇರುವ ಮೊದಲೇ ಸಾಯುವರೆಂಬುದನ್ನು ಮನಗಂಡು, ಚಿಕಿತ್ಸೆಯನ್ನೇ ಗಾಡಿಗೆ ಹತ್ತಿಸಿದರು. ಈಗಿನ ಆಂಬ್ಯುಲೆನ್ಸ್‌ಗಳೆಲ್ಲ ಒಂದು ರೀತಿಯಲ್ಲಿ ಆ ಗಾಡಿಯ ಸಂತತಿ. ತರಬೇತಾದ ಸಹಾಯಕನು ಮೊದಲು ನೋಡತಕ್ಕದ್ದು ರಕ್ತದಲ್ಲಿರುವ ಪ್ರಾಣವಾಯುವಿನ ಪ್ರಮಾಣ ಮತ್ತು ರಕ್ತದೊತ್ತಡ. ಪ್ರಾಣವಾಯು ಶೇಕಡ ೯೦ಕ್ಕಿಂತ ಕಡಿಮೆಯಾಗಿದ್ದರೆ ಕೊಡಬೇಕು. ಸಾಕಷ್ಟಿದ್ದರೆ ಸುಮ್ಮನೆ ಕೊಡುವುದರಿಂದ ಲಾಭವಿಲ್ಲ. ಮೇಲಿನ ರಕ್ತದೊತ್ತಡವು ೧೧೦ಕ್ಕಿಂತ ಹೆಚ್ಚಾಗಿದ್ದರೆ ನೈಟ್ರೋಗ್ಲಿಸರಿನ್ ರಕ್ತನಾಳಗಳನ್ನು ಸಡಿಲಿಸಿ ಹೃದಯದ ಹೊರೆಯನ್ನಿಳಿಸುತ್ತದೆ. ಅನೇಕ ರೋಗಿಗಳಲ್ಲಿ ಮೈಯ ನೀರು ಬಹಳ ಹೆಚ್ಚಿರುವುದಿಲ್ಲ. ಒತ್ತಡವೇರಿ ಇದ್ದ ನೀರೇ ಎದೆಗೆ ಸರಿದಿರುತ್ತದೆ. ಅಂಥವರಿಗೆ ಈ ಔಷಧವೇ ಮುಖ್ಯ. ಮೈ ಊದಿಕೊಂಡವರಿಗೆ ನೀರಿಳಿಸುವ ಫ್ಯೂರೋಸೆಮೈಡನ್ನು ಸೂಜಿಯ ಮೂಲಕ ಕೊಡುವರು. ಇದನ್ನು ಎಷ್ಟು ಬೇಗ ಕೊಡಬೇಕೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆಸ್ಪತ್ರೆಗೆ ಬಂದ ೬೦ ನಿಮಿಷದೊಳಗೆ ಪಡೆದವರಲ್ಲಿ ಶೇಕಡ ೨.೩ ಮಂದಿ, ತಡವಾಗಿ ಪಡೆದವರಲ್ಲಿ ಶೇಕಡ ೬ ಮಂದಿ ಆಸ್ಪತ್ರೆಯಲ್ಲಿ ತೀರಿಕೊಂಡರೆಂದು ೨೦೧೭ರ ಜಪಾನಿನ ಅಧ್ಯಯನವೊಂದು ಹೇಳಿತು. ಅನಂತರ ಕೊರಿಯದವರು ನೋಡಿದಾಗ ಅಂಥ ವ್ಯತ್ಯಾಸ ಕಾಣಲಿಲ್ಲ. ಮೈ ತಣ್ಣಗಾಗಿ, ಒತ್ತಡ ಕುಸಿದಿರುವ ರೋಗಿಯ ಮಾತೇ ಬೇರೆ: ಅವನಿಗೆ ಒತ್ತಡವಿಳಿಸುವ ಔಷಧ ವಿಷಸಮಾನ, ದೊಡ್ಡ ಆಸ್ಪತ್ರೆಗೆ ಮುಂಚಿತವಾಗಿ ಸುದ್ದಿ ಕೊಟ್ಟು ಹೊರಡುವುದೊಂದೇ ಮಾರ್ಗ.

ಔಷಧವಲ್ಲದ ಒಂದು ಉಪಾಯವೂ ಉಂಟು. ಭೌತಶಾಸ್ತ್ರದವನಾದ ನನಗೆ ಇದೇ ಹೆಚ್ಚು ಪ್ರಿಯ. ಮುಖಕ್ಕೆ ಬಿಗಿಯಾದ ಕವಚವನ್ನಿಟ್ಟು, ಉಸಿರಾಡುವ ಗಾಳಿಯನ್ನು ಸ್ವಲ್ಪ ಒತ್ತಡದಿಂದ ಕೊಟ್ಟರೆ, ಆ ಒತ್ತಡವು ಗಾಳಿಚೀಲಗಳನ್ನು ತೆರೆದಿಟ್ಟು, ನೀರು ಜಿನುಗದಂತೆ ತಡೆಯುತ್ತದೆ. ೧೯೩೬ರಲ್ಲಿ ಲಂಡನ್ನಿನ ಪೌಲ್ಟನ್ ಎಂಬ ವೈದ್ಯರು ಇದನ್ನು ಮಾಡಿ ತೋರಿಸಿದಾಗ ಬಳಸಿದ ಯಂತ್ರವಾವುದು? ಮನೆಯ ಕಸ ತೆಗೆಯುವ ವ್ಯಾಕ್ಯೂಮ್ ಕ್ಲೀನರು! ಈಗ ಸಿಪ್ಯಾಪ್ ಎಂಬ ಹೆಸರಿನಿಂದ ಚೊಕ್ಕಟವಾದ ಯಂತ್ರಗಳಿವೆ. ಉಬ್ಬಸವನ್ನು ಇದು ಬೇಗ ಇಳಿಸುತ್ತದೆಂಬುದು ನಿಶ್ಚಯ. ಆದರೆ ೨೦೦೮ರಲ್ಲಿ ಪ್ರಕಟವಾದ ಬ್ರಿಟಿಷ್ ಪರೀಕ್ಷೆಯಲ್ಲಿ, ಸಾವಿನ ಸಂಖ್ಯೆ ಇದರಿಂದ ಕಡಿಮೆಯಾದುದು ಕಂಡುಬರಲಿಲ್ಲ. ಘಾಟಿಯ ತಿರುವುಗಳಲ್ಲಿ ಗಂಟೆಗಟ್ಟಲೆ ಸಾಗುವ ರೋಗಿಗೆ ಉಸಿರು ಸರಾಗವಾಗುವುದೇ ಸಣ್ಣ ಲಾಭವಲ್ಲ.

ವೈಫಲ್ಯದ ಹಿಂದೆ ಹೃದಯಾಘಾತವೇ ಇರಬಹುದಾದುದರಿಂದ ಇ.ಸಿ.ಜಿ. ಬೇಗ ಆಗಬೇಕು. ಮಂಗಳೂರಿನ ಹೃದಯತಜ್ಞ ಪದ್ಮನಾಭ ಕಾಮತ್ ಅವರು ೨೦೧೮ರ ಸುಮಾರಿನಲ್ಲಿ ಆರಂಭಿಸಿದ ವ್ಯವಸ್ಥೆಯಲ್ಲಿ, ಕರಾವಳಿ ಮಲೆನಾಡುಗಳ ಗ್ರಾಮದ ವೈದ್ಯರಿಗೆ ಇ.ಸಿ.ಜಿ. ಯಂತ್ರಗಳನ್ನು ಒದಗಿಸಿ, ತೆಗೆದ ಚಿತ್ರವನ್ನು ವಾಟ್ಸಾಪಿನಲ್ಲಿ ತಜ್ಞರಿಗೆ ತೋರಿಸುವ ಏರ್ಪಾಡಾಯಿತು. ೨೦೨೩ರಲ್ಲಿ ಪ್ರಕಟವಾದ ಸರ್ಕಾರದ ‘ಹೃದಯ ಜ್ಯೋತಿ’ ಯೋಜನೆ, ೨೦೨೧ರಲ್ಲಿ ಅಕಾಲದಲ್ಲಿ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರರ ಹೆಸರಿನದು, ಹೃದಯಾಘಾತಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲಿಯೇ ಮೊದಲ ಚಿಕಿತ್ಸೆ ದೊರೆಯಬೇಕೆಂಬ ಉದ್ದೇಶವುಳ್ಳದ್ದು.

ಇಷ್ಟೆಲ್ಲ ಹೇಳಿದ ಮೇಲೆ, ಆ ರಾತ್ರಿ ಬರದಂತೆ ತಡೆಯುವುದೇ ಮೇಲಲ್ಲವೆ ಎಂದು ನೀವು ಕೇಳಬಹುದು. ಬಹುಮಟ್ಟಿಗೆ ಸಾಧ್ಯ. ಗುಂಡಿಗೆ ಹೇಳದೆ ಕೇಳದೆ ಸೋಲುವುದು ಕಡಿಮೆ. ಮೂರು ದಿನಗಳಲ್ಲಿ ಎರಡು ಕಿಲೋ ತೂಕವೇರುವುದು, ಪಾದ ಊದುವುದು, ಒಂದು ದಿಂಬು ಸಾಲದೆ ಎರಡು ಬೇಕಾಗುವುದು, ಇವೆಲ್ಲ ಅದರ ಮುನ್ಸೂಚನೆಗಳು. ಕಾರಣವೂ ಅನೇಕ ಸಲ ಮನೆಯಲ್ಲಿಯೇ ಇರುತ್ತದೆ: ಬಿಟ್ಟುಹೋದ ಮಾತ್ರೆ, ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗಿದ ನೋವಿನ ಗುಳಿಗೆ, ಮತ್ತು ನಮ್ಮ ಮಲೆನಾಡಿನ ಮಾವಿನ ಮಿಡಿಯ ಉಪ್ಪಿನಕಾಯಿ. ಮಿಡಿಯನ್ನು ನಿಂದಿಸಿದರೆ ಯಾರೂ ಕ್ಷಮಿಸುವುದಿಲ್ಲವೆಂಬುದನ್ನು ಬಲ್ಲೆ; ಆದರೆ ಅದರ ಜಾಡಿಯಲ್ಲಿರುವ ಉಪ್ಪು ಮೈಯಲ್ಲಿ ನೀರನ್ನು ಹಿಡಿದಿಡುವುದಂತೂ ನಿಜ.

ಮುಂದಿನ ಸಲ ಊರಿಗೆ ಹೋದಾಗ ತೂಕದ ಯಂತ್ರವೊಂದನ್ನು ಒಯ್ಯಿರಿ. ಮಾತ್ರೆಗಳ ಹೆಸರು, ಪ್ರಮಾಣಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆದು, ಹಿಂದಿನ ಇ.ಸಿ.ಜಿ. ಕಾಗದದೊಡನೆ ಒಂದೇ ಚೀಲದಲ್ಲಿಟ್ಟು, ಬಾಗಿಲ ಹಿಂದಿನ ಮೊಳೆಗೆ ತೂಗಹಾಕಿರಿ. ಕುರ್ಚಿಗೆ ಬೇಕಾದ ಹಗ್ಗ, ಗಳು ಎಲ್ಲಿವೆಯೆಂಬುದು ನೆರೆಮನೆಯ ಇಬ್ಬರಿಗಾದರೂ ತಿಳಿದಿರಲಿ. ಕಾಡಿನ ಮನೆಗಳಲ್ಲಿ ಮೊಬೈಲಿನ ಸಂಕೇತ ಅಂಗಳದ ಯಾವ ಮೂಲೆಯಲ್ಲಿ ಸಿಕ್ಕುವುದೆಂಬುದನ್ನೂ ಆಗಲೇ ನೋಡಿಕೊಂಡು ಬನ್ನಿರಿ.